ಸಂಪಾಜೆ ಘಾಟಿ ಇಳಿದರೆ ಆಟವೇ ಬೇರೆ

ಕೊಡಗು ಅಂದ್ರೆ ಹಾಕಿ ಅನ್ನುತ್ತಾರೆ. ನಮ್ಮ ಸಿದ್ದಾಪುರದ ಕಡೆ ಫುಟ್‌ಬಾಲ್ ಹುಚ್ಚೂ ಏನು ಕಡಿಮೆಯಿಲ್ಲ. ಅಲ್ಲಿನ ಹುಡುಗರ ತಂಡವೊಂದಕ್ಕೆ ನಾನು ಕೋಚ್.

ಮೊದಲ ಸಲ ಏಪ್ರಿಲ್‌ನಲ್ಲಿ ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ ಆಡಲು ಹೋದಾಗ ಮೊದಲರ್ಧದಲ್ಲಿ ಒಂದು ಗೋಲು ಮುಂದಿದ್ದೆವು. ಕೊನೆಗೆ 3–1ರಿಂದ ಸೋತೆವು. ನಮ್ಮ ಬ್ಯಾಕ್, ಅಂದ್ರೆ ಹಿಂದೆ ನಿಂತು ತಡೆಯುವ ಹುಡುಗ, ನಮ್ಮ ಗೋಲಿನ ಮುಂದೆಯೇ ಎದುರಾಳಿಯ ಕಾಲಿಗೆ ಪಾಸ್ ಕೊಟ್ಟಿದ್ದ. "ಕಣ್ಣೆಲ್ಲಿತ್ತೋ?" ಎಂದು ಬೈದೆ. "ಅಣ್ಣಾ, ತಲೆಯೇ ಓಡಲಿಲ್ಲ" ಅಂದ. ನೆಪ ಅಂದುಕೊಂಡೆ. ಆದರೆ ಅವನು ಹೇಳಿದ್ದೇ ನಿಜ.

ಕಾಫಿ ತೋಟದ ನೆರಳಲ್ಲಿ ಬೆಳೆದವರಿಗೆ ಕರಾವಳಿಯ ಬಿಸಿಲಿಗಿಂತ ಸೆಕೆ ಕಷ್ಟ. ಬೆವರು ಆರುವುದೇ ಇಲ್ಲ, ಸುಮ್ನೆ ಹರಿದು ಹೋಗುತ್ತದೆ. ಅದು ಆರದಿದ್ದರೆ ಮೈ ತಣಿಯುವುದಿಲ್ಲ. ಮೈ ತಣಿಸಲು ರಕ್ತ ಚರ್ಮದ ಕಡೆ ಹೋಗುತ್ತದೆ, ಕಾಲಿಗೆ ಸಿಗುವುದು ಕಡಿಮೆಯಾಗುತ್ತದೆ, ತಲೆಯೂ ಮಂಕಾಗುತ್ತದೆ.

ಮರುವರ್ಷ ಎರಡು ವಾರ ಮೊದಲೇ ಸಂಜೆ ಐದರ ಅಭ್ಯಾಸವನ್ನು ಮೂರಕ್ಕೆ ತಂದೆ. ಸೆಕೆಗೆ ಮೈ ಒಗ್ಗಲು ಹತ್ತು–ಹದಿನಾಲ್ಕು ದಿನ ಬೇಕು. ದೊಡ್ಡ ತಂಡಗಳು ಮುಂಚೆಯೇ ಹೋಗಿ ಬೀಡುಬಿಡುತ್ತವೆ, ನಮಗೆಲ್ಲಿ ದುಡ್ಡು? ಮೊದಲ ದಿನ ಇಪ್ಪತ್ತೇ ನಿಮಿಷ ಓಡಿಸಿ, ಆಮೇಲೆ ಜಾಸ್ತಿ ಮಾಡುತ್ತಾ ಹೋದೆ. ಕಾಫಿ ಚೀಲ ತೂಗುವ ಎಲೆಕ್ಟ್ರಾನಿಕ್ ತಕ್ಕಡಿಯಲ್ಲೇ ಹುಡುಗರನ್ನು ತೂಗಿದೆ. 62 ಕೆ.ಜಿ. ಇದ್ದವನು ಒಂದೂವರೆ ಗಂಟೆಯಲ್ಲಿ 1.6 ಕೆ.ಜಿ. ಇಳಿದಿದ್ದ! ಮೈತೂಕದ ಶೇ. 2ರಷ್ಟು ನೀರು ಹೋದರೇ ಆಟ ಕುಂದುತ್ತದೆ. ಇವನು ಕುಡಿದದ್ದು ಎರಡು ಗುಟುಕು. ಅಂದಿನಿಂದ ನಿಂಬೆ, ಉಪ್ಪು, ಸಕ್ಕರೆಯ ನೀರು ಕಡ್ಡಾಯ.

ನನ್ನದೂ ಒಂದು ತಪ್ಪಿತ್ತು. ಅದು ಕಾಳುಮೆಣಸು ಕುಯ್ಯುವ ಕಾಲ. ಬೆಳಗ್ಗಿಂದ ಏಣಿ ಹತ್ತಿಳಿದ ಕಾಲುಗಳನ್ನು ಸಂಜೆ ಸ್ಪ್ರಿಂಟ್ ಓಡಿಸುತ್ತಿದ್ದೆ. ಪಂದ್ಯಕ್ಕೆ ಎರಡು ದಿನ ಮೊದಲೇ ಕೆಲಸ ಬಿಡಿ ಅಂದೆ. ಕೂಲಿ ಬಿಡುವುದು ಎಲ್ಲರಿಗೂ ಆಗುವ ಮಾತಲ್ಲ, ಅಲ್ವಾ? ಆಗದವರನ್ನು ಎರಡನೇ ಅರ್ಧಕ್ಕೆ ಇಟ್ಟುಕೊಂಡೆ.

ಆಟವನ್ನೂ ಬದಲಿಸಿದೆವು. ಮೊದಲ ಕಾಲು ಗಂಟೆ ಮಾತ್ರ ಮೇಲೆಬಿದ್ದು ಆಡುವುದು. ಆಮೇಲೆ ಹಿಂದೆ ಸರಿದು, ಚೆಂಡು ಸಿಕ್ಕಿದರೆ ಬಿಡದೆ ಎದುರಾಳಿಯನ್ನೇ ಓಡಿಸುವುದು. ನೋಡುವವರಿಗೆ ಬೇಜಾರು, ಇರಲಿ ಬಿಡಿ. ನೀರಿಗೆ ಆಟ ನಿಲ್ಲಿಸಿ ಎಂದು ರೆಫ್ರಿಯನ್ನು ಕೇಳಿದೆ. 2014ರ ವಿಶ್ವಕಪ್‌ನಲ್ಲಿ ನೆದರ್ಲೆಂಡ್ಸ್–ಮೆಕ್ಸಿಕೊ ಪಂದ್ಯವನ್ನೇ ನಿಲ್ಲಿಸಿದ್ದರು ಸಾರ್ ಅಂದೆ. ನಕ್ಕು ಒಪ್ಪಿದರು. 2025ರ ಕ್ಲಬ್ ವಿಶ್ವಕಪ್‌ನಲ್ಲಿ ಜರ್ಮನಿಯ ಡಾರ್ಟ್ಮುಂಡ್ ತಂಡ ಬಿಸಿಲು ತಪ್ಪಿಸಲು ಬದಲಿ ಆಟಗಾರರನ್ನು ಮೊದಲರ್ಧ ಪೂರ್ತಿ ಡ್ರೆಸ್ಸಿಂಗ್ ರೂಮಿನಲ್ಲೇ ಕೂರಿಸಿತ್ತಂತೆ. ನಮಗೆ ತೆಂಗಿನಮರದ ನೆರಳು, ಒಂದು ಬಕೆಟ್ ಐಸು, ಕುತ್ತಿಗೆಗೆ ಒದ್ದೆ ಟವೆಲ್.

ಪಂದ್ಯ 1–1. ಪೆನಾಲ್ಟಿಯಲ್ಲಿ ಸೋತೆವು. ಆದರೆ ಕೊನೆಯ ನಿಮಿಷದಲ್ಲಿ ಅದೇ ಬ್ಯಾಕ್ ಹಿಂದಕ್ಕೆ ಓಡಿ ಗೋಲಾಗುವ ಚೆಂಡನ್ನು ಒದ್ದು ಹೊರಹಾಕಿದ್ದ. ವಾಪಸು ಬರುವಾಗ ಸಂಪಾಜೆ ದಾಟಿ ತಂಪು ಗಾಳಿ ಬೀಸಿತು. ಜೀಪಿನ ಕಿಟಕಿಗೆ ಮುಖ ಕೊಟ್ಟು ಅಂದ, "ಈಗ ಇನ್ನೊಂದು ಮ್ಯಾಚ್ ಆಡಬಹುದು ಅಣ್ಣಾ."