ಜರ್ಮನ್ ಕಾದಂಬರಿಗೆ ಕನ್ನಡದ ‘ಅಂತೆ’: ನನ್ನ ಅನುಭವ

ಜರ್ಮನ್ ಕಲಿಕೆಯ ಬಿ2 (ಮಧ್ಯಮಕ್ಕಿಂತ ಮೇಲಿನ ಹಂತ) ಮುಗಿಸಿ ಕಾದಂಬರಿ ಹಿಡಿದವರು ಮೂವತ್ತನೇ ಪುಟಕ್ಕೇ ಕೈಬಿಡುವುದು ಪದ ಸಾಲದ್ದಕ್ಕಲ್ಲ, ಯಾರ ಮಾತನ್ನು ಯಾರು ಹೇಳುತ್ತಿದ್ದಾರೆ ಎಂಬುದು ತಪ್ಪಿಹೋಗುವುದಕ್ಕೆ. ಬೇರೆಯವರಿಂದ ಕೇಳಿದ್ದನ್ನು ಹೇಳುವಾಗ ನಾವು ಹಚ್ಚುವ ‘ಅಂತೆ’ (‘ಬರುತ್ತಾನಂತೆ’) ಹಿಡಿದು ಓದುತ್ತೇನೆ ಎಂದಾಗ ಜೊತೆಗೆ ಕಲಿಯುತ್ತಿದ್ದವರು ಒಪ್ಪಲಿಲ್ಲ. ಇಂಗ್ಲಿಷ್ ಅನುವಾದ ಪಕ್ಕದಲ್ಲಿಟ್ಟುಕೊ ಎಂದರು. ಅದೂ ಆಗಿತ್ತು. ಕಥೆ ತಿಳಿಯಿತು, ಜರ್ಮನ್ ಬರಲಿಲ್ಲ.

ಆರಿಸಿಕೊಂಡದ್ದು ಡಾನಿಯೆಲ್ ಕೇಲ್ಮನ್ ಅವರ ‘ಡೀ ಫರ್ಮೆಸುಂಗ್ ಡೆರ್ ವೆಲ್ಟ್’ (‘ಜಗತ್ತಿನ ಅಳತೆ’, 2005). ಅದರ ನಾಯಕರಾದ ಅನ್ವೇಷಕ ಹುಂಬೋಲ್ಟ್, ಗಣಿತಜ್ಞ ಗೌಸ್ ಇಬ್ಬರ ಮಾತೂ ಹೆಚ್ಚಾಗಿ ಉದ್ಧರಣ ಚಿಹ್ನೆಯಿಲ್ಲದೆ, ಇನ್ನೊಬ್ಬರ ಮಾತನ್ನು ವರದಿ ಮಾಡುವ ಕ್ರಿಯಾರೂಪವಾದ ಕೊನ್ಯುಂಕ್ಟಿಫ್ ಒಂದರಲ್ಲೇ ಬರುತ್ತದೆ. ‘ಎರ್ ಝೈ ಮ್ಯೂಡೆ’ ಎಂದರೆ ‘ಅವನಿಗೆ ದಣಿವಾಗಿದೆಯಂತೆ’. ‘ಹೇಳಿದ’ ಎಂದು ಒಮ್ಮೆ ಬಂದರೆ ಮುಂದಿನ ನಾಲ್ಕೈದು ವಾಕ್ಯಕ್ಕೆ ಕ್ರಿಯಾಪದದ ರೂಪವೇ ಸಾಕು. ನಮ್ಮ ‘ಅಂತೆ’ಯೂ ಹೀಗೇ ಸಾಲುಗಟ್ಟುತ್ತದೆ. ಝೈ, ಹಾಬೆ, ಕ್ಯೊನ್ನೆ ಎಂಬ ಇಂಥ ಕ್ರಿಯಾರೂಪ ಕಂಡಲ್ಲೆಲ್ಲ ಪೆನ್ಸಿಲ್ ಗೆರೆ, ಅಂಚಿನಲ್ಲಿ ಮಾತಾಡಿದವನ ಮೊದಲಕ್ಷರ. ಅಷ್ಟೇ.

ಎಡವಿದ್ದು ಬಹುವಚನದಲ್ಲಿ. ‘ಝೀ ಹಾಬೆನ್’ (ಅವರ ಬಳಿ ಇದೆ) ಸಾಮಾನ್ಯ ವಾಕ್ಯಕ್ಕೂ ಕೊನ್ಯುಂಕ್ಟಿಫ್ ಒಂದಕ್ಕೂ ಒಂದೇ ರೂಪ, ಹಾಗಾಗಿ ಅಲ್ಲಿ ‘ಹೆಟ್ಟೆನ್’ ಬರುತ್ತದೆ. ‘ಹೀಗಾಗಿದ್ದರೆ’ ಎಂಬ ಊಹೆಗೂ ಇದೇ ರೂಪ, ಅದನ್ನು ‘ಇದ್ದಿದ್ದರೆ’ ಎಂದು ಓದಿ ಒಂದಿಡೀ ಅಧ್ಯಾಯ ಕೆಡಿಸಿಕೊಂಡೆ. ಆಸುಪಾಸಿನಲ್ಲಿ ‘ವೆನ್’ (ಒಂದು ವೇಳೆ) ಇಲ್ಲದಿದ್ದರೆ ಮೊದಲು ‘ಅಂತೆ’ ಹಾಕಿ ನೋಡಿ. ಇನ್ನೊಂದು: ‘ಅಂತೆ’ಯಲ್ಲಿ ‘ನಾನು ಕಂಡಿಲ್ಲಪ್ಪ’ ಎಂಬ ದನಿ ಸೇರಿಕೊಳ್ಳುತ್ತದೆ, ಝೈನಲ್ಲಿ ಆ ಸಂಶಯ ತಾನಾಗಿ ಇರುವುದಿಲ್ಲ.

ಪುಸ್ತಕ ತರಿಸಲು ಸುಮಾರು ಎರಡೂವರೆ ಸಾವಿರ ರೂಪಾಯಿ ಹೋಯಿತು, ಅರ್ಧಕ್ಕಿಂತ ಹೆಚ್ಚು ಸಾಗಣೆಗೇ. ಈಗ ಜರ್ಮನ್ ಭಾಷೆ ಕಲಿಸುವ ಗೊಯ್ಟೆ ಸಂಸ್ಥೆಯ ಆನ್‌ಲೈನ್ ಗ್ರಂಥಾಲಯ ಓನ್‌ಲೈಯೆಯಿಂದ ಪುಕ್ಕಟೆ ಇ-ಪುಸ್ತಕ ಎರವಲು ತರುತ್ತೇನೆ. ಗೆರೆ ಎಳೆಯಬೇಕಾದ ಪುಸ್ತಕ ಮಾತ್ರ ಕೊಳ್ಳುತ್ತೇನೆ. ಎಲ್ಲ ಪದಕ್ಕೂ ನಿಘಂಟು ತೆರೆಯುತ್ತಿದ್ದಾಗ ಗಂಟೆಗೆ ಮೂರು ಪುಟ ಸಾಗಿದರೆ ಹೆಚ್ಚು. ಈಗ ಪುಟಕ್ಕೆ ಐದೇ ಪದ, ಗಂಟೆಗೆ ಹತ್ತು ಹನ್ನೆರಡು ಪುಟ. ಆ ಐದನ್ನು ಆರಿಸುವ ಲೆಕ್ಕ ಸದ್ಯಕ್ಕೆ ನನ್ನಲ್ಲೇ ಇರಲಿ.

ಇದೇ ವಿದ್ಯೆಯನ್ನು ಯೆನ್ನಿ ಎರ್ಪೆನ್‌ಬೆಕ್ ಅವರ ‘ಕೈರೋಸ್’ (2021) ಮೇಲೆ ಹಾಕಿ ನೋಡಿದೆ, ನಡೆಯಲಿಲ್ಲ. ಅಲ್ಲೂ ಉದ್ಧರಣ ಚಿಹ್ನೆ ಇಲ್ಲ, ಆದರೆ ಆಡಿದ ಮಾತು ಆಡಿದಂತೆಯೇ ವರ್ತಮಾನ ಕಾಲದ ನಿರೂಪಣೆಯೊಳಗೆ ಬೆರೆತಿರುತ್ತದೆ. ಕಥೆಯ ಪ್ರೇಮಿಗಳಿಬ್ಬರಲ್ಲಿ ಅವಳ ದೃಷ್ಟಿಗೆ ಕೆಂಪು, ಅವನದಕ್ಕೆ ನೀಲಿ ಪೆನ್ಸಿಲ್ ಹಿಡಿದ ಮೇಲೆ ದಾರಿ ಬಿಟ್ಟಿತು. ಕಥೆ ನಡೆಯುವ ಪೂರ್ವ ಜರ್ಮನಿಯ ಪದಗಳಿಗೆ ಅರ್ಥ ಹುಡುಕುವುದಕ್ಕಿಂತ ಡಿಡಬ್ಲ್ಯುಡಿಎಸ್ ಎಂಬ ಜರ್ಮನ್ ಆನ್‌ಲೈನ್ ನಿಘಂಟಿನಲ್ಲಿ ಆ ಕಾಲದ ಪತ್ರಿಕೆಗಳ ವಾಕ್ಯ ಮೂರು ನಾಲ್ಕು ಓದುವುದೇ ಮೇಲು.