ವಿಶ್ರಾಂತ ಸ್ಥಿತಿಯ ಎಚ್‌ಆರ್‌ವಿ: ನಾನು ಅಳೆಯುವ ಕ್ರಮ

ಒಂದು ಹೃದಯ ಬಡಿತದಿಂದ ಮುಂದಿನ ಬಡಿತದವರೆಗಿನ ಅವಧಿಯಲ್ಲಿ ಕಾಣುವ ಏರಿಳಿತವೇ ಎಚ್‌ಆರ್‌ವಿ. ಮೈಸೂರಿನ ಪ್ರಯೋಗಾಲಯವೊಂದರಲ್ಲಿ ಆರೋಗ್ಯವಂತರ ಎಚ್‌ಆರ್‌ವಿಯನ್ನು ಅಳೆಯುವುದು ನನ್ನ ಕೆಲಸ. ಉಪಕರಣ ಎಷ್ಟೇ ಸೂಕ್ಷ್ಮವಾಗಿದ್ದರೂ, ಮಲಗಿರುವವರು ನಿಜಕ್ಕೂ ವಿಶ್ರಾಂತಿಯಲ್ಲಿಲ್ಲದಿದ್ದರೆ ಬರುವ ಅಂಕಿಯನ್ನು ನಾನು ನಂಬುವುದಿಲ್ಲ.

ಆದ್ದರಿಂದ ಹಿಂದಿನ ದಿನ ಕಠಿಣ ವ್ಯಾಯಾಮ ಮತ್ತು ಮದ್ಯ, ಬೆಳಿಗ್ಗೆ ಕಾಫಿ, ತಿಂಡಿ, ಧೂಮಪಾನ ಬೇಡವೆಂದು ಮೊದಲೇ ತಿಳಿಸಿರುತ್ತೇನೆ. “ಕಾಫಿ ಮುಟ್ಟಿಲ್ಲ ಮೇಡಂ, ಬೆಟ್ಟ ಹತ್ತಿ ಬಂದೆ ಅಷ್ಟೆ” ಎನ್ನುವವರು ನಮ್ಮೂರಿನಲ್ಲಿ ಇದ್ದೇ ಇರುತ್ತಾರೆ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಬಂದವರನ್ನು ಬೇರೊಂದು ದಿನ ಬರಹೇಳುತ್ತೇನೆ. ಉಳಿದವರು ಶೌಚಾಲಯಕ್ಕೆ ಹೋಗಿ ಬಂದ ಮೇಲೆ, ಚರ್ಮವನ್ನು ಸ್ಪಿರಿಟ್‌ನಿಂದ ಒರೆಸಿ ಎಲೆಕ್ಟ್ರೋಡ್ ಅಂಟಿಸಿ, ಹತ್ತು ನಿಮಿಷ ಸುಮ್ಮನೆ ಮಲಗಿಸಿ, ನಂತರ ಐದು ನಿಮಿಷ ಇಸಿಜಿ ದಾಖಲಿಸುತ್ತೇನೆ. ಯುರೋಪ್ ಮತ್ತು ಉತ್ತರ ಅಮೆರಿಕದ ಹೃದ್ರೋಗ ತಜ್ಞರ ಕಾರ್ಯಪಡೆ 1996ರಲ್ಲಿ ಅಲ್ಪಾವಧಿಯ ಅಳತೆಗೆ ಸೂಚಿಸಿದ್ದೂ ಈ ಐದು ನಿಮಿಷಗಳನ್ನೇ.

ಉಸಿರಾಟದ ಮೇಲೂ ಕಣ್ಣಿಡಬೇಕು, ಅದರಲ್ಲೂ ಯೋಗಾಭ್ಯಾಸಿಗಳು ಹೆಚ್ಚಿರುವ ಮೈಸೂರಿನಲ್ಲಿ. ಉಸಿರಿನೊಡನೆ ಬಡಿತ ಏರಿಳಿಯುವ ಪರಿಣಾಮವು ಸಾಮಾನ್ಯವಾಗಿ 0.15ರಿಂದ 0.4 ಹರ್ಟ್ಸ್‌ವರೆಗಿನ (ಹರ್ಟ್ಸ್ ಎಂದರೆ ಸೆಕೆಂಡಿಗೆ ಎಷ್ಟು ಏರಿಳಿತ ಎಂಬ ಲೆಕ್ಕ) ಆವರ್ತನ ಪಟ್ಟಿಯಲ್ಲಿ ಕಾಣುತ್ತದೆ. ‘ಆರಾಮವಾಗಿರಿ’ ಎಂದ ಕೂಡಲೇ ಪ್ರಾಣಾಯಾಮಕ್ಕಿಳಿದು ನಿಮಿಷಕ್ಕೆ ಆರೇ ಬಾರಿ ಉಸಿರಾಡಿದರೆ, ಅದೇ ಪರಿಣಾಮ 0.1 ಹರ್ಟ್ಸ್‌ಗೆ ಜಾರಿ, ಅದಕ್ಕಿಂತ ಕಡಿಮೆ ಆವರ್ತನದ ಪಟ್ಟಿಯನ್ನು ಉಬ್ಬಿಸುತ್ತದೆ. ನೋಡಿದವರು ಅದನ್ನು ಸಿಂಪಥೆಟಿಕ್ ನರಗಳ, ಅಂದರೆ ಒತ್ತಡದ ಹೊತ್ತಿನಲ್ಲಿ ಬಡಿತ ಹೆಚ್ಚಿಸುವ ನರಗಳ, ಚಟುವಟಿಕೆಯೆಂದು ತಪ್ಪಾಗಿ ಓದುತ್ತಾರೆ. ಹಾಗಾಗಿ ಎದೆಗೆ ಉಸಿರಾಟದ ಬೆಲ್ಟ್ ಕಟ್ಟುತ್ತೇನೆ, ‘ಆರಾಮವಾಗಿರಿ’ ಎನ್ನುವುದನ್ನೇ ಬಿಟ್ಟಿದ್ದೇನೆ.

ದಾಖಲೆ ಮುಗಿದ ಮೇಲೆ ಸಾಫ್ಟ್‌ವೇರ್ ಗುರುತಿಸಿದ ಪ್ರತಿಯೊಂದು ಆರ್ ಅಲೆಯನ್ನೂ (ಇಸಿಜಿಯಲ್ಲಿ ಪ್ರತಿ ಬಡಿತಕ್ಕೂ ಮೂಡುವ ಚೂಪು ಶಿಖರ) ಕಣ್ಣಾರೆ ನೋಡುತ್ತೇನೆ. ಬೇಸರದ ಕೆಲಸವೇ ಸರಿ, ಆದರೆ ಲೆಕ್ಕ ನೋಡಿ: ನಿಮಿಷಕ್ಕೆ 70 ಬಡಿತದಂತೆ ಐದು ನಿಮಿಷಕ್ಕೆ 350 ಬಡಿತ. ಅದರಲ್ಲಿ ಒಂದೇ ಒಂದು ತಪ್ಪಿಹೋದರೂ 857 ಮಿಲಿಸೆಕೆಂಡಿನ ಅಂತರ ಎರಡರಷ್ಟಾಗಿ, 40 ಮಿಲಿಸೆಕೆಂಡ್ ಇರಬೇಕಾದ ಆರ್‌ಎಂಎಸ್‌ಎಸ್‌ಡಿ (ಅಕ್ಕಪಕ್ಕದ ಅಂತರಗಳ ನಡುವಿನ ವ್ಯತ್ಯಾಸದಿಂದ ಲೆಕ್ಕ ಹಾಕುವ ಎಚ್‌ಆರ್‌ವಿ ಅಂಕಿ) ಸುಮಾರು 76ಕ್ಕೆ ಜಿಗಿಯುತ್ತದೆ. ಅಕಾಲಿಕ ಬಡಿತಗಳು ಒಂದೆರಡಿದ್ದರೆ ಸರಿಪಡಿಸಿ, ಎಷ್ಟನ್ನು ತಿದ್ದಿದೆನೆಂದು ಬರೆದಿಡುತ್ತೇನೆ. ಹೆಚ್ಚಿದ್ದರೆ ಆ ದಾಖಲೆಯನ್ನೇ ಕೈಬಿಡುತ್ತೇನೆ.

ಅಳತೆ ಮುಗಿಯುತ್ತಲೇ “ನಾರ್ಮಲ್ ಇದೆಯಾ?” ಎಂಬ ಪ್ರಶ್ನೆ ಬರುತ್ತದೆ. ವಯಸ್ಸಿನೊಂದಿಗೆ ಇಳಿಯುವ, ಒಬ್ಬರಿಂದೊಬ್ಬರಿಗೆ ಬಹಳ ಬದಲಾಗುವ ಅಳತೆಯಿದು; ಆದ್ದರಿಂದ ಪಕ್ಕದವರ ಅಂಕಿಯ ಜೊತೆ ಹೋಲಿಸದೆ, ಇದೇ ಹೊತ್ತಿಗೆ, ಇದೇ ಭಂಗಿಯಲ್ಲಿ ಇನ್ನೊಮ್ಮೆ ಅಳೆಸಿಕೊಳ್ಳಲು ಬನ್ನಿ ಎನ್ನುತ್ತೇನೆ.