ಶಿರಿಯ ಅಳಿವೆಯ ಕೆಸರು ಮತ್ತು ನನ್ನ ಜೋಡಿ ಪ್ಲೇಟುಗಳು

ಕುಂಬಳೆ ಕಡೆಯ ಶಿರಿಯ ಅಳಿವೆಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಬುಡದ ಕೆಸರು ತಂದರೆ ಆಕ್ಟಿನೊಮೈಸೀಟ್‌ಗಳಿಗೆ (ಆಂಟಿಬಯೋಟಿಕ್‌ನಂಥ ಸಂಯುಕ್ತ ತಯಾರಿಸುವ ಬ್ಯಾಕ್ಟೀರಿಯಾಗಳು) ಬರವಿಲ್ಲ. ಆಟಿಯಲ್ಲಿ ಹೊಳೆ ತುಂಬಿ ಉಪ್ಪು ಇಳಿಯುವುದರಿಂದ ಬೇಸಗೆಯಲ್ಲೇ ತರುತ್ತೇನೆ. ಕಷ್ಟವಿರುವುದು ಅವುಗಳ ಬಾಯಿ ಬಿಡಿಸುವುದರಲ್ಲಿ, ಅಂದರೆ ಹೊಸ ಸಂಯುಕ್ತ ಹೊರಡಿಸುವುದರಲ್ಲಿ. 2002ರಲ್ಲಿ ಇದೇ ಗುಂಪಿನ ಸ್ಟ್ರೆಪ್ಟೊಮೈಸಿಸ್ ಸೀಲಿಕಲರ್‌ನ ಜೀನೋಮ್ ಪ್ರಕಟವಾದಾಗ, ಇಂಥ ಸಂಯುಕ್ತ ತಯಾರಿಸುವ 20ಕ್ಕೂ ಹೆಚ್ಚು ಜೀನ್ ಗುಂಪುಗಳು ಕಂಡವು. ಅಷ್ಟರವರೆಗೆ ಕೈಗೆ ಸಿಕ್ಕಿದ್ದ ಸಂಯುಕ್ತಗಳು ಕೆಲವೇ. ಒಂಟಿಯಾಗಿ ಹೊಟ್ಟೆ ತುಂಬ ತಿಂದು ಬೆಳೆಯುವ ಜೀವಿಗೆ ಉಳಿದವನ್ನು ತಯಾರಿಸುವ ದರ್ದೇನು? ಅದಕ್ಕೇ ಅದೇ ಪ್ಲೇಟಿನಲ್ಲಿ ಪಕ್ಕಕ್ಕೆ ಇನ್ನೊಂದು ಸೂಕ್ಷ್ಮಜೀವಿಯನ್ನು ಕೂರಿಸತೊಡಗಿದೆ.

ಕೆಸರನ್ನು ಒಣಗಿಸಿ, ಸ್ವಲ್ಪ ಬಿಸಿ ಮಾಡಿದರೆ ಅವಸರದ ಬ್ಯಾಕ್ಟೀರಿಯಾಗಳ ಹಾವಳಿ ಕಮ್ಮಿ. ಅಗರ್ ಕಾಯಿಸುವುದು ಸೋಸಿದ ಕಡಲ ನೀರಿನಲ್ಲೇ. ಸಾಲಿನಿಸ್ಪೋರಾದಂಥ ಕಡಲ ಆಕ್ಟಿನೊಮೈಸೀಟ್‌ಗಳು ಬರೀ ಸಿಹಿನೀರಿನಲ್ಲಿ ಏಳುವುದೇ ಇಲ್ಲ. ಆಕ್ಟಿನೊಮೈಸೀಟ್ ನಿಧಾನಿ. ಅದನ್ನು ಮೊದಲು ಗೀರಿ, ಚೆನ್ನಾಗಿ ಬೆಳೆದ ಮೇಲೆಯೇ ಎದುರಾಳಿಯನ್ನು ಇಡುತ್ತೇನೆ. ಒಟ್ಟಿಗೆ ಹಾಕಿದರೆ ಬೆಸಿಲಸ್‌ನಂಥ ಅವಸರದ ಎದುರಾಳಿ ಇಡೀ ಪ್ಲೇಟನ್ನೇ ನುಂಗುತ್ತದೆ.

ಎರಡರ ನಡುವೆ ಬಣ್ಣ ಕಂಡೊಡನೆ ಹಿಗ್ಗುವವರಿದ್ದಾರೆ. ನನಗೆ ಮುಖ್ಯ, ಪಕ್ಕದ ಪ್ಲೇಟುಗಳು: ಇಬ್ಬರೂ ಬೇರೆಬೇರೆಯಾಗಿ, ಜೊತೆಗೆ ಏನೂ ಬಿತ್ತದ ಖಾಲಿ ಅಗರ್, ಎಲ್ಲ ಒಂದೇ ದಿನ ಸುರಿದದ್ದು. ನಾಲ್ಕನ್ನೂ ಕತ್ತರಿಸಿ ಈಥೈಲ್ ಅಸಿಟೇಟ್‌ನಲ್ಲಿ ನೆನೆಸಿ, ಆವಿಯಾಗಿಸಿ, ಸಂಯುಕ್ತಗಳನ್ನು ಚುಕ್ಕೆಗಳಾಗಿ ಬೇರ್ಪಡಿಸುವ ಸಿಲಿಕಾ ಪ್ಲೇಟಿನಲ್ಲಿ ಓಡಿಸಿ 254 ಮತ್ತು 366 ನ್ಯಾನೋಮೀಟರ್ ಅತಿನೇರಳೆ ಬೆಳಕಲ್ಲಿ ನೋಡುತ್ತೇನೆ. ಜೋಡಿಯಲ್ಲಿ ಮಾತ್ರ ಇರುವ ಚುಕ್ಕೆ ಲೆಕ್ಕಕ್ಕೆ.

ಆದರೂ ಅದನ್ನು ಮಾಡಿದ್ದು ಯಾರು? 2001ರಲ್ಲಿ ವಿಲಿಯಂ ಫೆನಿಕಲ್ ತಂಡ ವರದಿ ಮಾಡಿದ ಪೆಸ್ಟಲೋನ್ ಎಂಬ ಆಂಟಿಬಯೋಟಿಕ್ ಸಮುದ್ರದ ಶಿಲೀಂಧ್ರದ್ದು, ಆದರೆ ಬ್ಯಾಕ್ಟೀರಿಯಾ ಜೊತೆಗಿದ್ದಾಗಲೇ ಹೊರಬಂತು. ಇನ್ನೂ ಒಂದು ತೊಡಕು: ಒಬ್ಬ ಇನ್ನೊಬ್ಬನ ಸಂಯುಕ್ತವನ್ನು ಅರ್ಧ ಜೀರ್ಣಿಸಿದರೂ ಹೊಸ ಚುಕ್ಕೆ ಮೂಡುತ್ತದೆ. ಹಾಗಾಗಿ ಒಬ್ಬನ ಸೋಸಿದ ದ್ರವವನ್ನಷ್ಟೇ ಇನ್ನೊಬ್ಬನಿಗೆ ಹಾಕಿ ನೋಡುತ್ತೇನೆ. ಚುಕ್ಕೆ ಬಾರದಿದ್ದರೆ ಜೀವಂತ ಕೋಶವೇ ಬೇಕೇನೋ ಎಂದು ಅನುಮಾನ. ಕೆಲವು ಸ್ಟ್ರೆಪ್ಟೊಮೈಸಿಸ್‌ಗಳು ಎದುರಾಳಿ ಮೈಗೆ ತಾಗಿದರೆ ಮಾತ್ರ ಎಚ್ಚರಗೊಳ್ಳುತ್ತವೆ.

ಉಳಿದ ಚುಕ್ಕೆಗಳ ಅಣುತೂಕವನ್ನು ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ಅಳೆದು ಡೇಟಾಬೇಸ್‌ಗೆ ಹೋಲಿಸಿದರೆ ಹೆಚ್ಚಿನವು ಹಳೆಯವೇ. ಹೊಂದದ್ದೊಂದು ಈಗ ಕೈಯಲ್ಲಿದೆ. ಎನ್‌ಎಂಆರ್‌ಗೆ (ಅಣುವಿನ ರಚನೆ ತಿಳಿಯುವ ಪರೀಕ್ಷೆ) ಕೆಲವು ಮಿಲಿಗ್ರಾಂ ಶುದ್ಧ ಪದಾರ್ಥ ಬೇಕು. ಜೋಡಿಯನ್ನು ದೊಡ್ಡ ಫ್ಲಾಸ್ಕಿಗೆ ಹಾಕಿದರೆ ಯಾಕೋ ತಯಾರಿಯನ್ನೇ ನಿಲ್ಲಿಸುತ್ತವೆ. ಸದ್ಯಕ್ಕೆ ಪ್ಲೇಟು ಹೆಚ್ಚಿಸುವುದೊಂದೇ ದಾರಿ.